ಫಲಿತಾಂಶದ ಮರುದಿನ: ಹಿಂದೆ ಬಿದ್ದ ಮಕ್ಕಳು ಮತ್ತು ಕಾಲೇಜಿನ ದಾರಿ



ಬೇಸಿಗೆ ರಜೆಯ ನಡುವೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬರುತ್ತದೆ. 625ಕ್ಕೆ 625 ಅಂಕ ತೆಗೆದವರ ಫೋಟೊಗಳು ಪತ್ರಿಕೆಯಲ್ಲಿ ಬರುತ್ತವೆ, ಯಾವ ಜಿಲ್ಲೆ ಮೊದಲು ಯಾವುದು ಕೊನೆ ಎಂಬ ಪಟ್ಟಿ ಬರುತ್ತದೆ, ಎರಡು ದಿನ ಚರ್ಚೆಯಾಗಿ ಎಲ್ಲರೂ ಮರೆಯುತ್ತಾರೆ. 2025ರ ಮೊದಲ ಪರೀಕ್ಷೆಗೆ ಹೆಸರು ನೋಂದಾಯಿಸಿದವರು 8 ಲಕ್ಷ 42 ಸಾವಿರ. ಪಾಸಾದವರು 5 ಲಕ್ಷ 25 ಸಾವಿರದಷ್ಟು. ಉಳಿದ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳು ಮರುದಿನ ಯಾರ ಬಳಿ ಹೋದರು, ಜೂನ್ ಬಂದಾಗ ಎಲ್ಲಿದ್ದರು ಎಂಬುದು ಆ ಪಟ್ಟಿಗಳಲ್ಲಿ ಇರುವುದಿಲ್ಲ. ಇವರಲ್ಲದೆ, ಪಾಸಿನ ಗೆರೆಯನ್ನು ಹೇಗೋ ದಾಟಿ ಪಿಯು ಕಾಲೇಜಿಗೆ ಸೇರಿ, ಪಾಠ ಅರ್ಥವಾಗದೆ ಒಂದು ವರ್ಷದೊಳಗೆ ಕಳಚಿಕೊಳ್ಳುವವರೂ ಇದ್ದಾರೆ. ಕಾಲೇಜು ಓದಬೇಕೆಂಬ ಆಸೆ ಇದ್ದೂ ಹೈಸ್ಕೂಲಿನಲ್ಲಿ ತಿಣುಕಾಡುತ್ತಿರುವ ಈ ಮಕ್ಕಳೇ ಇವತ್ತಿನ ನನ್ನ ವಿಷಯ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಅವರಿಗೆ ಕಾಲೇಜು ತಲುಪುವ ದಾರಿಗಳು ಕರ್ನಾಟಕದಲ್ಲಿ ಕಡಿಮೆಯೇನಿಲ್ಲ. ಆ ದಾರಿಯಲ್ಲಿ ಅವರನ್ನು ಕೈಹಿಡಿದು ನಡೆಸುವ ಹೊಣೆಯನ್ನು ಮಾತ್ರ ನಾವು ಯಾರಿಗೂ ಒಪ್ಪಿಸಿಲ್ಲ. ಆ ಹೊಣೆ ಹೈಸ್ಕೂಲಿಗೆ ಸೇರಿದ್ದು, ಅಂಕಪಟ್ಟಿ ಮತ್ತು ಟಿ.ಸಿ. ಕೊಟ್ಟ ದಿನಕ್ಕೆ ಅದು ಮುಗಿಯಬಾರದು.

ದಾರಿಗಳು ಯಾವುವು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಓದಿದ ಮನೆಗಳಲ್ಲೂ ಇವು ಪೂರ್ತಿ ತಿಳಿದಿರುವುದಿಲ್ಲ. 2023-24ರಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳು ಬಂದವು. ಬರೆದವುಗಳಲ್ಲಿ ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಸಪ್ಲಿಮೆಂಟರಿ ಎಂಬ ಹೆಸರಿಗೆ ಅಂಟಿದ್ದ ಕಳಂಕ ಇದರಿಂದ ಸ್ವಲ್ಪವಾದರೂ ಕಳೆದಿದೆ. ಅವುಗಳಲ್ಲೂ ಪಾಸಾಗದವರು ಮತ್ತೆ ಸರ್ಕಾರಿ ಹೈಸ್ಕೂಲಿಗೆ ದಾಖಲಾಗಿ ತರಗತಿಯಲ್ಲೇ ಕೂತು ಓದುವ ಅವಕಾಶವನ್ನೂ ಸರ್ಕಾರ ಕೊಟ್ಟಿದೆ. ಇನ್ನೊಂದು ದಾರಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಓಎಸ್. 1989ರಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ ಒಮ್ಮೆ ನೋಂದಾಯಿಸಿದರೆ ಐದು ವರ್ಷಗಳಲ್ಲಿ ಒಂಬತ್ತು ಬಾರಿ ಪರೀಕ್ಷೆ ಬರೆಯಬಹುದು, ಪಾಸಾದ ವಿಷಯವನ್ನು ಮತ್ತೆ ಬರೆಯಬೇಕಿಲ್ಲ, ಬೇರೆ ಮಂಡಳಿಯಲ್ಲಿ ಪಾಸಾದ ಎರಡು ವಿಷಯಗಳವರೆಗಿನ ಅಂಕವನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಹತ್ತನೇ ತರಗತಿಗೆ ಐದು ವಿಷಯ ಸಾಕು, ಗಣಿತ ಕಡ್ಡಾಯವಿಲ್ಲ. ಐಟಿಐಯಲ್ಲಿ ವೆಲ್ಡರ್, ವೈರ್‌ಮನ್‌ನಂತಹ ಕೆಲವು ಟ್ರೇಡುಗಳಿಗೆ ಎಂಟನೇ ತರಗತಿ ಪಾಸಾದವರೂ ಸೇರಬಹುದು. ಮುಂದೆ ಪಿಯುಸಿ ಅಥವಾ ಅದಕ್ಕೆ ಸಮಾನವಾದ ಪರೀಕ್ಷೆ ಮುಗಿಸಿದವರು ಕೆಲಸ ಮಾಡಿಕೊಂಡೇ ಪದವಿ ಓದಲು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ.

ಇವುಗಳಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಪಾಲಿಟೆಕ್ನಿಕ್ಕಿನ ದಾರಿಯ ಮುಂದೆ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನೋ ಹುಡುಗಿಯೋ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ಎಂಜಿನಿಯರಿಂಗ್ ಪದವಿಯ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಮೂರು ಮತ್ತು ಮೂರು, ಆರು ವರ್ಷ. ಪಿಯುಸಿ ವಿಜ್ಞಾನ ಓದಿ ಸಿಇಟಿ ಮೂಲಕ ಹೋದವರಿಗೂ ಎರಡು ಮತ್ತು ನಾಲ್ಕು, ಆರೇ ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಅಲ್ಲಿಂದ ಎಂಜಿನಿಯರಿಂಗಿಗೆ ಹೋದರೆ ಎರಡು, ಎರಡು, ಮೂರು, ಒಟ್ಟು ಏಳು ವರ್ಷ. ಹದಿನಾರನೇ ವಯಸ್ಸಿನಲ್ಲಿ ಗಣಿತದಲ್ಲಿ ಜಸ್ಟ್ ಪಾಸಾಗಿ ಐಟಿಐ ಸೇರಿದ ಮಗು, ಮುಂದೆ ಚೆನ್ನಾಗಿ ಓದಿದರೆ, ತಾಲ್ಲೂಕಿಗೇ ಮೊದಲು ಬಂದ ಸಹಪಾಠಿಗಿಂತ ಒಂದೇ ಒಂದು ವರ್ಷ ತಡವಾಗಿ ಅದೇ ಪದವಿ ಪಡೆಯಬಹುದು ಎಂದಾಯಿತು. ನಮ್ಮ ವ್ಯವಸ್ಥೆಯೊಳಗೆ ಇರುವ ಅತ್ಯಂತ ಉದಾರವಾದ ಏರ್ಪಾಟು ಇದೆಂದು ನಾನು ತಿಳಿದಿದ್ದೇನೆ. ಆದರೂ ಊರಿನ ಮಾತಿನಲ್ಲಿ ಐಟಿಐ ಎಂದರೆ ಓದು ಹತ್ತದವರು ಹೋಗುವ ಕಡೆ. ಅದು ಕಾಲೇಜಿನ ಮೆಟ್ಟಿಲೂ ಹೌದೆಂದು ಆ ಮಗುವನ್ನು ಕೂರಿಸಿಕೊಂಡು ಹೇಳುವವರು ಕಡಿಮೆ.

ಹೇಳುವವರಿಲ್ಲದಿದ್ದರೆ ದಾರಿಯೇ ಬಲೆಯಾಗುವುದುಂಟು. ಎನ್‌ಐಓಎಸ್‌ನಲ್ಲಿ ಗಣಿತ ಬಿಟ್ಟು ಹತ್ತನೇ ತರಗತಿ ಪಾಸಾಗಬಹುದೆಂದು ತಿಳಿದ ತಂದೆ ತಾಯಿ ಹಾಗೇ ಮಾಡಿಸುತ್ತಾರೆ. ಎಂಜಿನಿಯರಿಂಗ್ ಡಿಪ್ಲೊಮಾಕ್ಕೆ ಹತ್ತನೇ ತರಗತಿಯ ಗಣಿತ, ವಿಜ್ಞಾನ ಬೇಕೆಂಬುದು ಅರ್ಜಿ ಹಾಕುವ ದಿನ ಗೊತ್ತಾಗುತ್ತದೆ. ಮಗುವಿನ ಆಸೆ ಬಿ.ಎ. ಓದಿ ಶಿಕ್ಷಕಿಯಾಗುವುದಾದರೆ ಆ ಆಯ್ಕೆ ಸರಿಯೇ. ಆಸೆ ಎಲೆಕ್ಟ್ರಿಕಲ್ ಡಿಪ್ಲೊಮಾದ್ದಾದರೆ ಅದು ಬಾಗಿಲು ಮುಚ್ಚಿಕೊಂಡಂತೆ. ಇದಕ್ಕಿಂತ ದೊಡ್ಡ ಬಲೆ ‘ಕಡಿಮೆ ಮಾರ್ಕ್ಸ್ ಬಂದಿದೆ, ಆರ್ಟ್ಸ್ ತಗೋ’ ಎಂಬ ಸಲಹೆ. 2025ರ ದ್ವಿತೀಯ ಪಿಯುಸಿ ಮೊದಲ ಪರೀಕ್ಷೆಯಲ್ಲಿ ವಿಜ್ಞಾನದವರು ಶೇ. 82.45, ವಾಣಿಜ್ಯದವರು ಶೇ. 76.07 ಪಾಸಾದರು; ಕಲಾ ವಿಭಾಗದವರು ಶೇ. 53.29. ಸುಲಭವೆಂದು ನಾವು ಕಳಿಸುವ ಕಡೆಯೇ ಅರ್ಧದಷ್ಟು ಮಕ್ಕಳು ಬೀಳುತ್ತಿದ್ದಾರೆ. ವಿಜ್ಞಾನಕ್ಕೆ ಸೇರುವವರು ಮೊದಲೇ ಹೆಚ್ಚು ಅಂಕ ತೆಗೆದವರು, ಹೋಲಿಕೆ ಸಮವಲ್ಲ ಎನ್ನಬಹುದು. ನಿಜ, ನಾನು ಹೇಳುವುದೂ ಅದನ್ನೇ. ಓದಿ ಅರ್ಥ ಮಾಡಿಕೊಂಡು ಎರಡು ಪುಟ ಸ್ವಂತವಾಗಿ ಬರೆಯಲು ಕಷ್ಟಪಡುವ ಮಕ್ಕಳನ್ನು, ಓದಿ ಬರೆಯುವುದೇ ಮುಖ್ಯವಾಗಿರುವ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳಿಗೆ ಕಳಿಸಿ, ಅಲ್ಲಿ ಅವರಿಗೆ ಯಾವ ವಿಶೇಷ ನೆರವನ್ನೂ ಕೊಡದಿದ್ದರೆ ಫಲಿತಾಂಶ ಬೇರೆ ಹೇಗೆ ಬರುತ್ತದೆ? ಆ ಶಾಸ್ತ್ರಗಳಿಗೂ ಇದು ಅವಮಾನ, ಆ ಮಕ್ಕಳಿಗೂ ಅನ್ಯಾಯ. ವಿಜ್ಞಾನದಲ್ಲಿ ಇರುವುದು ಬೇರೆಯದೇ ತೊಂದರೆ. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಜೂನ್ ತಿಂಗಳ ಒಂದು ಬೆಳಿಗ್ಗೆ ಭೌತಶಾಸ್ತ್ರವನ್ನು ಪೂರ್ತಿ ಇಂಗ್ಲಿಷಿನಲ್ಲಿ ಕೇಳಲು ಕೂರುತ್ತದೆ. ವಿಷಯ ಗೊತ್ತಿದ್ದೂ ವಾಕ್ಯ ಗೊತ್ತಾಗದೆ ಸೋಲುವ ಆ ಮೊದಲ ನಾಲ್ಕು ತಿಂಗಳಲ್ಲಿ ಎಷ್ಟೋ ಮಕ್ಕಳು ತಮಗೆ ಬುದ್ಧಿಯೇ ಇಲ್ಲವೆಂದು ತೀರ್ಮಾನಿಸಿಬಿಡುತ್ತಾರೆ.

ಹೊಣೆ ಯಾರಿಗೂ ಇಲ್ಲದಂತಾದದ್ದು ಹೇಗೆ? ಕಾನೂನು, ಕ್ಯಾಲೆಂಡರು, ಲೆಕ್ಕ ಇಡುವ ರೀತಿ, ಮೂರೂ ಸೇರಿ ಹೀಗೆ ಮಾಡಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 6ರಿಂದ 14 ವರ್ಷದವರಿಗೆ, ಅಂದರೆ ಎಂಟನೇ ತರಗತಿಯವರೆಗೆ. ಮಗು ಮೊದಲ ಬಾರಿಗೆ ದೊಡ್ಡ ಪರೀಕ್ಷೆಯಲ್ಲಿ ಬೀಳುವ ಹೊತ್ತಿಗೆ ಆ ರಕ್ಷಣೆ ಕಳೆದಿರುತ್ತದೆ. ಅದೇ ಹದಿನಾಲ್ಕರಿಂದ ಹದಿನೆಂಟರ ನಡುವಿನವರನ್ನು ಅಪಾಯಕಾರಿಯಲ್ಲದ ಕೆಲಸಕ್ಕೆ ಇಟ್ಟುಕೊಳ್ಳಲು ಬಾಲಕಾರ್ಮಿಕ ಕಾನೂನಿನ 2016ರ ತಿದ್ದುಪಡಿ ಅಡ್ಡಿ ಮಾಡುವುದಿಲ್ಲ. ಓದಿಸುವ ಕಡ್ಡಾಯ ಇಲ್ಲದ, ದುಡಿಸಲು ಅನುಮತಿ ಇರುವ ವಯಸ್ಸದು. ಹೆಣ್ಣುಮಕ್ಕಳ ಮಟ್ಟಿಗೆ ಮದುವೆಯ ಮಾತು ಶುರುವಾಗುವ ವಯಸ್ಸೂ ಅದೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ. 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ‘ಫೇಲಾದಳು, ಮನೆಯಲ್ಲಿ ಕೂತು ಏನು ಮಾಡುತ್ತಾಳೆ’ ಎಂಬ ಒಂದು ವಾಕ್ಯ ಈ ಅಂಕಿಯೊಳಗೆ ಎಷ್ಟು ಸಲ ಅಡಗಿದೆಯೋ.

ಕ್ಯಾಲೆಂಡರಿನ ಸಂಗತಿ ಇನ್ನೂ ಸರಳ. 2025ರಲ್ಲಿ ಫಲಿತಾಂಶ ಬಂದದ್ದು ಮೇ ಆರಂಭದಲ್ಲಿ, ಎರಡನೇ ಪರೀಕ್ಷೆ ಶುರುವಾದದ್ದು ಅದೇ ತಿಂಗಳ ಕೊನೆಯ ವಾರ. ನಡುವಿನ ಮೂರು ಚಿಲ್ಲರೆ ವಾರ ಶಾಲೆಗೆ ಬೇಸಿಗೆ ರಜೆ. ಮೂರು ವರ್ಷ ಓದಿಯೂ ಬಾರದ ಗಣಿತವನ್ನು ಮಗು ಪಾಠ ಹೇಳುವವರಿಲ್ಲದೆ ಮೂರು ವಾರದಲ್ಲಿ ಕಲಿಯಬೇಕು. 2024ರ ಎರಡನೇ ಪರೀಕ್ಷೆಯಲ್ಲಿ ಪಾಸಾದವರು ಸುಮಾರು ಮೂರರಲ್ಲೊಂದು ಪಾಲಿಗಿಂತ ಹೆಚ್ಚಿರಲಿಲ್ಲ ಎಂಬುದರಲ್ಲಿ ಆಶ್ಚರ್ಯವಿಲ್ಲ. ಪರೀಕ್ಷೆಯ ಸಂಖ್ಯೆ ಮೂರಾಯಿತು, ಪಾಠದ ಅವಧಿ ಹೆಚ್ಚಲಿಲ್ಲ. ಇನ್ನು ಲೆಕ್ಕ ಇಡುವ ರೀತಿ. ಶಾಲೆಯ ಹೆಸರು, ಮುಖ್ಯೋಪಾಧ್ಯಾಯರ ಮರ್ಯಾದೆ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಓ) ಕರೆಯುವ ಸಭೆಯ ಬೈಗುಳ, ಎಲ್ಲವೂ ನಿಂತಿರುವುದು ಮೊದಲ ಪರೀಕ್ಷೆಯ ಶೇಕಡಾವಾರು ಫಲಿತಾಂಶದ ಮೇಲೆ. ಆ ದಿನ ಬಿದ್ದ ಮಗುವನ್ನು ಮತ್ತೆ ಎತ್ತಿ ನಿಲ್ಲಿಸಿ ಜುಲೈಯಲ್ಲಿ ಐಟಿಐಗೋ ಪಿಯು ಕಾಲೇಜಿಗೋ ಸೇರಿಸಿದ ಶಿಕ್ಷಕಿಯ ಶ್ರಮ ಯಾವ ಕಾಲಂನಲ್ಲೂ ನಮೂದಾಗುವುದಿಲ್ಲ. ಲೆಕ್ಕಕ್ಕೆ ಸಿಗದ ಕೆಲಸವನ್ನು ಒಳ್ಳೆಯವರು ಮಾತ್ರ ಮಾಡುತ್ತಾರೆ. ಮೂರು ಲಕ್ಷ ಮಕ್ಕಳ ಭವಿಷ್ಯವನ್ನು ಕೆಲವರ ಒಳ್ಳೆಯತನಕ್ಕೆ ಬಿಡಲಾಗದು.

ಇಲ್ಲೊಂದು ಮಾತು ಎದುರಾಗುತ್ತದೆ: ಓದುವ ಯೋಗ್ಯತೆ ಇದ್ದವರು ಪಾಸಾಗುತ್ತಾರೆ, ಇಲ್ಲದವರನ್ನು ಎಷ್ಟು ಕೈಹಿಡಿದರೂ ಅಷ್ಟೇ. ಇದಕ್ಕೆ ಉತ್ತರ ಜಿಲ್ಲಾವಾರು ಪಟ್ಟಿಯಲ್ಲೇ ಇದೆ. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12, ಕಲಬುರಗಿ ಶೇ. 42.43. ಪಠ್ಯ ಒಂದೇ, ಪ್ರಶ್ನೆಪತ್ರಿಕೆ ಒಂದೇ. ಬುದ್ಧಿ ಕರಾವಳಿಯಲ್ಲಿ ಹೆಚ್ಚು, ಭೀಮಾ ತೀರದಲ್ಲಿ ಕಡಿಮೆ ಹುಟ್ಟುತ್ತದೆಂದು ಯಾರೂ ಹೇಳಲಾರರು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅದರಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಹೇಳಿತ್ತು. ಖಾಲಿ ಬಿದ್ದ ಶಿಕ್ಷಕ ಹುದ್ದೆ, ಸುಗ್ಗಿಗೆ ತಂದೆ ತಾಯಿಯ ಜೊತೆ ವಲಸೆ ಹೋಗುವ ಮಕ್ಕಳು, ಕೆಳ ತರಗತಿಯಲ್ಲೇ ತಪ್ಪಿದ ಓದು, ಇವೆಲ್ಲ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಬಂದು ಕೂಡಿಕೊಳ್ಳುತ್ತವೆ. 2023ರ ‘ಅಸರ್’ ಸಮೀಕ್ಷೆ ದೇಶದ 14ರಿಂದ 18ರ ವಯಸ್ಸಿನ ಗ್ರಾಮೀಣ ಮಕ್ಕಳನ್ನು ನೋಡಿತು. ನಾಲ್ವರಲ್ಲಿ ಒಬ್ಬರಿಗೆ ತಮ್ಮ ಭಾಷೆಯ ಎರಡನೇ ತರಗತಿಯ ಪಠ್ಯವನ್ನು ಸರಾಗವಾಗಿ ಓದಲು ಬರಲಿಲ್ಲ. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬಂದದ್ದು ಶೇ. 43.3 ಮಂದಿಗೆ. ಭಾಗಾಕಾರ ಬಾರದ ಮಗುವಿಗೆ ತ್ರಿಕೋನಮಿತಿಯ ವಿಶೇಷ ತರಗತಿ ಎಷ್ಟು ನಡೆಸಿದರೇನು? ಪರೀಕ್ಷೆ ಹತ್ತಿರವಾದಾಗ ಹಂಚುವ ‘ಪಾಸಿಂಗ್ ಪ್ಯಾಕೇಜ್’ ಅಂಥ ಮಗುವನ್ನು ಒಂದೊಮ್ಮೆ ಗೆರೆ ದಾಟಿಸೀತು, ಗೆರೆಯಾಚೆ ನಡೆಯುವ ಶಕ್ತಿಯನ್ನು ಕೊಡಲಾರದು. ಬೇಕಾದದ್ದು ಮಗು ನಿಜಕ್ಕೂ ಎಲ್ಲಿ ನಿಂತಿದೆಯೋ ಅಲ್ಲಿಂದ ಕಲಿಸುವುದು. ಮುಂಬೈ ಮತ್ತು ವಡೋದರಾದ ಪ್ರಾಥಮಿಕ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆ ನಡೆಸಿದ ‘ಬಾಲಸಖಿ’ ಕಾರ್ಯಕ್ರಮವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಇದನ್ನೇ: ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪ್ರತ್ಯೇಕ ಕೂರಿಸಿ, ಸ್ಥಳೀಯ ಯುವತಿಯೊಬ್ಬಳು ಬುನಾದಿಯಿಂದ ಹೇಳಿಕೊಟ್ಟರೆ ಆ ಮಕ್ಕಳು ಗಣನೀಯವಾಗಿ ಮುಂದೆ ಬರುತ್ತಾರೆ. ಎಂಟನೇ ತರಗತಿಯ ಆರಂಭದಲ್ಲಿ ನಡೆಸುವ ಸೇತುಬಂಧ ಎಂಬ ಬುನಾದಿ ಪಾಠವನ್ನು ಕೆಲವು ವಾರಗಳ ವಿಧಿಯಾಗಿ ಮುಗಿಸದೆ ವರ್ಷವಿಡೀ ನಡೆಸಿದರೆ ಹೈಸ್ಕೂಲಿನಲ್ಲೂ ಇದನ್ನೇ ಮಾಡಬಹುದು.

ಎರಡನೆಯ ಆಕ್ಷೇಪ ಮಟ್ಟದ ಬಗ್ಗೆ. ಎಲ್ಲರನ್ನೂ ದಾಟಿಸುತ್ತಾ ಹೋದರೆ ಎಸ್ಸೆಸ್ಸೆಲ್ಸಿಗೆ ಬೆಲೆ ಉಳಿಯುವುದೇ ಎಂದು ಹಿರಿಯ ಶಿಕ್ಷಕರು ಕೇಳುತ್ತಾರೆ. ಈ ಆತಂಕವನ್ನು ನಾನು ಪೂರ್ಣವಾಗಿ ಹಂಚಿಕೊಳ್ಳುತ್ತೇನೆ. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ ಬಂದು ನಕಲು ನಿಂತಾಗ ಫಲಿತಾಂಶ ಕುಸಿಯಿತು; ಕೃಪಾಂಕವನ್ನು ಹತ್ತರಿಂದ ಇಪ್ಪತ್ತಕ್ಕೆ ಏರಿಸಿದ ಮೇಲೆ ಶೇ. 73.40ಕ್ಕೆ ಬಂತು. ಮರುವರ್ಷ ಆ ಹೆಚ್ಚುವರಿ ಕೃಪಾಂಕ ನಿಂತಿತು. ಈಗ 2025-26ರಿಂದ ಪಾಸಿನ ಅಂಕವನ್ನು ಶೇ. 35ರಿಂದ 33ಕ್ಕೆ ಇಳಿಸಲಾಗಿದೆ. ಗೆರೆಯನ್ನು ಎತ್ತರ ತಗ್ಗು ಮಾಡುವುದರಿಂದ ಮಗುವಿನ ಕಲಿಕೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗುವುದಿಲ್ಲ. ಕಲಿಯದೆ ದಾಟಿದವರು ಪಿಯುಸಿಯಲ್ಲಿ ಬೀಳುತ್ತಾರೆ, ಆಗ ಅವರಿಗೆ ಎರಡು ವರ್ಷ ಹೆಚ್ಚು ವಯಸ್ಸಾಗಿರುತ್ತದೆ, ಮನೆಯವರ ತಾಳ್ಮೆಯೂ ಮುಗಿದಿರುತ್ತದೆ. ನಾನು ಕೇಳುತ್ತಿರುವುದು ಗೆರೆ ಇದ್ದಲ್ಲೇ ಇರಲಿ, ಅದನ್ನು ದಾಟಲು ಬೇಕಾದ ಪಾಠ ಮತ್ತು ಸಮಯ ಸಿಗಲಿ ಎಂದು. ಒಂದಕ್ಕಿಂತ ಹೆಚ್ಚು ಪರೀಕ್ಷೆ, ಮರುದಾಖಲಾತಿ, ಐದು ವರ್ಷದ ಎನ್‌ಐಓಎಸ್ ಅವಧಿ ಇವು ಮಟ್ಟವನ್ನು ಇಳಿಸುವುದಿಲ್ಲ. ಅದೇ ಮಟ್ಟವನ್ನು ಒಬ್ಬರು ಮಾರ್ಚಿನಲ್ಲಿ, ಇನ್ನೊಬ್ಬರು ಮುಂದಿನ ವರ್ಷ ಮುಟ್ಟಲು ಬಿಡುತ್ತವೆ.

ಎಲ್ಲರೂ ಕಾಲೇಜಿಗೆ ಹೋಗಲೇಬೇಕೇ ಎಂಬ ಪ್ರಶ್ನೆಯೂ ಇದೆ. ಕೈಕಸುಬು ಕಲಿತರೆ ಬೇಗ ಸಂಪಾದನೆ, ಪದವಿ ಪಡೆದು ನಿರುದ್ಯೋಗಿಗಳಾದವರು ಬೇಕಾದಷ್ಟಿದ್ದಾರೆ ಎಂದು. ಕಸುಬಿನ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಈ ಸಲಹೆ ಯಾರಿಗೆ ಸಿಗುತ್ತದೆ ಎಂಬುದನ್ನು ಗಮನಿಸಿ. ಅಧಿಕಾರಿಯ, ಪ್ರಾಧ್ಯಾಪಕರ, ವ್ಯಾಪಾರಿಯ ಮಗ ಗಣಿತದಲ್ಲಿ ಬಿದ್ದರೆ ಮನೆಪಾಠಕ್ಕೆ ಮೇಷ್ಟರು ಬರುತ್ತಾರೆ, ಮ್ಯಾನೇಜ್‌ಮೆಂಟ್ ಸೀಟು ಸಿಗುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಕೂಲಿಯವರ ಮಗ ಬಿದ್ದರೆ ಮಾತ್ರ ಕಾಲೇಜು ಎಲ್ಲರಿಗೂ ಅಲ್ಲ ಎಂಬ ವಿವೇಕ ನಮಗೆ ನೆನಪಾಗುತ್ತದೆ. ಕಾಲೇಜು ಬೇಡವೆನ್ನುವ ಮಗುವನ್ನು ಬಲವಂತ ಮಾಡುವುದು ಬೇಡ. ಬೇಕೆನ್ನುವ ಮಗುವಿನ ಪರವಾಗಿ ನಾವು ಬೇಡವೆಂದು ತೀರ್ಮಾನಿಸುವ ಅಧಿಕಾರ ಎಲ್ಲಿಂದ ಬಂತು? ಐಟಿಐಯಿಂದ ಡಿಪ್ಲೊಮಾಕ್ಕೆ, ಡಿಪ್ಲೊಮಾದಿಂದ ಪದವಿಗೆ ದಾರಿ ಇರುವಾಗ ಕಸುಬು ಮತ್ತು ಕಾಲೇಜನ್ನು ಎದುರುಬದುರು ನಿಲ್ಲಿಸುವ ಅಗತ್ಯವೂ ಇಲ್ಲ.

ಗಟ್ಟಿಯಾದ ಆಕ್ಷೇಪ ಬರುವುದು ಶಿಕ್ಷಕರಿಂದಲೇ. ಜನಗಣತಿ, ಚುನಾವಣೆ, ಬಿಸಿಯೂಟ, ಪೋರ್ಟಲ್‌ಗೆ ಮಾಹಿತಿ ತುಂಬುವುದು, ಇವೆಲ್ಲದರ ಮೇಲೆ ಇದೂ ನಮ್ಮ ತಲೆಗೇ ಬರಬೇಕೇ? 2024ರ ಬೇಸಿಗೆಯಲ್ಲಿ ರಜೆಯೊಳಗೆ ವಿಶೇಷ ತರಗತಿ ನಡೆಸಿ ಎಂದು ಆದೇಶ ಬಂದಾಗ ಶಿಕ್ಷಕರು ವಿರೋಧಿಸಿದರು. ಅವರ ವಿರೋಧದಲ್ಲಿ ನ್ಯಾಯವಿತ್ತು. ಆದ್ದರಿಂದಲೇ ಈ ಹೊಣೆಗೆ ಪ್ರತ್ಯೇಕ ಜನ, ಪ್ರತ್ಯೇಕ ಹಣ ಬೇಕು. ಅದು ಫಲ ಕೊಡುತ್ತದೆಯೇ ಎಂಬುದಕ್ಕೆ ನಾನು ಕಂಡ ಅತ್ಯಂತ ನಿಖರವಾದ ಸಾಕ್ಷ್ಯ ದೂರದ ನ್ಯೂಯಾರ್ಕಿನದು. ಅಲ್ಲಿನ ನಗರ ವಿಶ್ವವಿದ್ಯಾಲಯ 2007ರಲ್ಲಿ ತನ್ನ ಸಮುದಾಯ ಕಾಲೇಜುಗಳಲ್ಲಿ ‘ಅಸಾಪ್’ ಎಂಬ ಕಾರ್ಯಕ್ರಮ ಆರಂಭಿಸಿತು. ಬಡ ಕುಟುಂಬದ, ಹೈಸ್ಕೂಲಿನ ಓದು ಗಟ್ಟಿಯಾಗದ ವಿದ್ಯಾರ್ಥಿಗಳಿಗೆ ಬಾಕಿ ಶುಲ್ಕ, ಪುಸ್ತಕ, ಬಸ್ಸು ರೈಲಿನ ಪಾಸು ಕೊಟ್ಟು, ಪದೇ ಪದೇ ಭೇಟಿಯಾಗಲೇಬೇಕಾದ ಒಬ್ಬ ಸಲಹೆಗಾರರನ್ನು ಗೊತ್ತುಮಾಡಿತು. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ ಹೋಲಿಸಿದಾಗ, ಈ ನೆರವಿಲ್ಲದ ಗುಂಪಿನಲ್ಲಿ ಮೂರು ವರ್ಷದೊಳಗೆ ಓದು ಮುಗಿಸಿದವರು ಶೇ. 22, ನೆರವು ಪಡೆದವರಲ್ಲಿ ಶೇ. 40. ಒಬ್ಬೊಬ್ಬರ ಮೇಲಿನ ಖರ್ಚು ಹೆಚ್ಚಿತು. ಓದು ಮುಗಿಸಿದ ಒಬ್ಬೊಬ್ಬರಿಗೆ ತಗುಲಿದ ಖರ್ಚು ಇಳಿಯಿತು. ಅಮೆರಿಕದ ಕಾಲೇಜು ನಮ್ಮ ಕಾಲೇಜಲ್ಲ ಎನ್ನುವುದು ಸರಿಯೇ. ಆದರೆ ಆ ಪಟ್ಟಿಯಲ್ಲಿ ನಮಗೆ ಅಪರಿಚಿತವಾದದ್ದು ಯಾವುದು? ಬಸ್ ಪಾಸು ನಮ್ಮಲ್ಲಿದೆ, 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವೇ ಆಗಿದೆ, ವಿದ್ಯಾರ್ಥಿವೇತನಗಳಿವೆ, ಹಾಸ್ಟೆಲುಗಳಿವೆ. ಮಗುವಿನ ಹೆಸರು ಹಿಡಿದು ಕರೆಯುವ, ಬಾರದಿದ್ದರೆ ಮನೆಗೆ ಹೋಗಿ ವಿಚಾರಿಸುವ ಒಬ್ಬ ಮನುಷ್ಯ ಇಲ್ಲ.

ಆ ಮನುಷ್ಯ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ ಕೂರಬಹುದು, ದೊಡ್ಡ ಹೈಸ್ಕೂಲುಗಳಲ್ಲಿ ಅಲ್ಲಿಯೇ ಇರಬಹುದು. ಕೆಲಸ ಸ್ಪಷ್ಟವಾಗಿರಬೇಕು: ತನ್ನ ಪಟ್ಟಿಯಲ್ಲಿರುವ ಪ್ರತಿ ಮಗುವೂ ಹದಿನೆಂಟು ತುಂಬುವವರೆಗೆ ಯಾವುದಾದರೊಂದು ಕಲಿಕೆಯ ಜಾಗದಲ್ಲಿ ಇರುವಂತೆ ನೋಡಿಕೊಳ್ಳುವುದು. ಶಾಲೆಯ ಫಲಿತಾಂಶ ಪತ್ರದಲ್ಲಿ ಮೇ ತಿಂಗಳ ಶೇಕಡಾವಾರಿನ ಪಕ್ಕಕ್ಕೆ ಇನ್ನೊಂದು ಕಾಲಂ ಸೇರಲಿ, ಅಕ್ಟೋಬರಿನಲ್ಲಿ ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂದು. ಎರಡನೇ ಪರೀಕ್ಷೆಗೂ ಮೊದಲ ಫಲಿತಾಂಶಕ್ಕೂ ಕನಿಷ್ಠ ಆರು ವಾರ ಅಂತರವಿರಲಿ, ಆ ಆರು ವಾರ ಗೌರವಧನದ ಮೇಲೆ ಪಾಠ ನಡೆಯಲಿ. ನಿವೃತ್ತ ಗಣಿತ ಮೇಷ್ಟರುಗಳು, ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿರುವವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಪಿಯು ಕಾಲೇಜುಗಳು ಕಡಿಮೆ ಅಂಕದವರನ್ನು ಮೊದಲು ಬೇರೆ ಕೂರಿಸಿ ತಯಾರಿ ಮಾಡಿಸುವ ಬದಲು, ಎಲ್ಲರ ಜೊತೆ ತರಗತಿಗೆ ಸೇರಿಸಿ ಅದೇ ವಿಷಯಕ್ಕೆ ವಾರದಲ್ಲಿ ನಾಲ್ಕು ಗಂಟೆ ಹೆಚ್ಚು ಪಾಠ ಕೊಡಲಿ. ಕ್ಯಾಲಿಫೋರ್ನಿಯಾ 2017ರಲ್ಲಿ ಕಾನೂನನ್ನೇ ಮಾಡಿ ತನ್ನ ಸಮುದಾಯ ಕಾಲೇಜುಗಳನ್ನು ಈ ಕಡೆ ತಿರುಗಿಸಿದ್ದು, ಪೂರ್ವತಯಾರಿಯ ತರಗತಿಗಳಲ್ಲೇ ವಿದ್ಯಾರ್ಥಿಗಳು ಕಳೆದುಹೋಗುತ್ತಿದ್ದರು ಎಂಬ ಕಾರಣಕ್ಕೆ.

ಸರ್ಕಾರ ಇದನ್ನು ಮಾಡುವವರೆಗೆ ಕಾಯಬೇಕಾಗಿಲ್ಲ ಎಂಬುದನ್ನು ದತ್ತಿಯೊಂದರ ಈ ಸಭೆಯಲ್ಲಿ ಹೇಳಲೇಬೇಕು. ನಾಡಿನ ಶಾಲೆಗಳಲ್ಲಿರುವ ದತ್ತಿಗಳಲ್ಲಿ ಬಹುಪಾಲು ಮೊದಲ ಸ್ಥಾನ ಪಡೆದವರಿಗೆ ಬಹುಮಾನ ಕೊಡುತ್ತವೆ. ಹಿರಿಯರ ಹೆಸರಿನಲ್ಲಿ ಇಟ್ಟ ಆ ಹಣಕ್ಕೆ ನಾನು ತಲೆಬಾಗುತ್ತೇನೆ. ಮುಂದೆ ಸ್ಥಾಪನೆಯಾಗುವ ದತ್ತಿಗಳಲ್ಲಿ ಕೆಲವಾದರೂ ಮತ್ತೆ ಪರೀಕ್ಷೆಗೆ ಕೂರುವ ಮಕ್ಕಳ ಪಾಠಕ್ಕೆ, ಎನ್‌ಐಓಎಸ್ ನೋಂದಣಿಗೆ, ಐಟಿಐ ಪ್ರವೇಶದ ಮೊದಲ ಕಂತಿಗೆ, ಊರಿನ ನಿವೃತ್ತ ಶಿಕ್ಷಕರೊಬ್ಬರ ಎರಡು ತಿಂಗಳ ಗೌರವಧನಕ್ಕೆ ಮೀಸಲಾಗಲಿ ಎಂದು ಕೇಳಿಕೊಳ್ಳುತ್ತೇನೆ. ಯಾವ ಮಕ್ಕಳಿಗೆ ಅದು ಬೇಕು ಎಂದು ಹುಡುಕಲು ಮೇ ತಿಂಗಳಿನವರೆಗೆ ಕಾಯಬೇಕಿಲ್ಲ. ಪೂರ್ವಸಿದ್ಧತಾ ಪರೀಕ್ಷೆ ಮುಗಿಯುವ ಹೊತ್ತಿಗೆ ಆ ಹೆಸರುಗಳು ಪ್ರತಿ ಹೈಸ್ಕೂಲಿನ ಶಿಕ್ಷಕರ ಕೊಠಡಿಯಲ್ಲೂ ಗೊತ್ತಿರುತ್ತವೆ.